ಕಾವಿಯ ಬಣ್ಣ ಉಳಿಯಬೇಕಾದರೆ

ತುಮಕೂರಿನ ಪೇಟೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಹೋಟೆಲಿನ ಗಲ್ಲಾದ ಹಿಂದೆ, ಔಷಧಿ ಅಂಗಡಿಯ ಗೋಡೆಯ ಮೇಲೆ, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಫೋಟೋ ಎಲ್ಲೆಲ್ಲೂ ಕಾಣುತ್ತದೆ. ಒಳಗೆ ನೆರಳಿನಲ್ಲಿರುವ ಫೋಟೋದಲ್ಲಿ ಕಾವಿ ಕಾವಿಯಾಗಿಯೇ ಇರುತ್ತದೆ. ರಸ್ತೆಗೆ ಮುಖ ಮಾಡಿ ಬಿಸಿಲುಂಡ ಫೋಟೋದಲ್ಲಿ ಅದೇ ಬಟ್ಟೆ ನೀಲಿಗೆ ತಿರುಗಿರುತ್ತದೆ. ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಚ್ಚಿನಲ್ಲಿ ಕಾವಿ ಮೂಡುವುದು ಹಳದಿ ಮತ್ತು ಮಜೆಂಟಾ ಸೇರಿ. ಸಾಮಾನ್ಯವಾಗಿ ಬಿಸಿಲಿಗೆ ಮೊದಲು ಸೋಲುವವೂ ಅವೇ. ಉಳಿಯುವುದು ನೀಲಿ, ಕಪ್ಪು.

ಇಂಕ್‌ಜೆಟ್ ಪ್ರಿಂಟರಿನ ಇಂಕಿನಲ್ಲಿ ಎರಡು ಬಗೆ. ಡೈ ಇಂಕಿನಲ್ಲಿ ಬಣ್ಣ ದ್ರವದಲ್ಲಿ ಕರಗಿರುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಕರಗದೆ ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಬಿಳಿ ಪಂಚೆಗೆ ಅರಿಸಿನ ತಾಗಿದರೆ ಒಗೆದು ಬಿಸಿಲಿಗೆ ಹರವುತ್ತೇವಲ್ಲ, ಕಲೆ ತಾನಾಗಿ ಮಾಸುತ್ತದೆ. ಅದೇ ಬಿಸಿಲಿನಲ್ಲಿ ದೇವಸ್ಥಾನದ ಗೋಡೆಯ ಕೆಮ್ಮಣ್ಣಿನ ಪಟ್ಟೆ ಕೆಂಪಾಗಿಯೇ ನಿಂತಿರುತ್ತದೆ. ಅರಿಸಿನದ್ದು ಡೈ, ಕೆಮ್ಮಣ್ಣು ಪಿಗ್ಮೆಂಟ್. ಬಿಡಿಬಿಡಿಯಾದ ಅಣುವನ್ನು ಬೆಳಕು ಬೇಗ ಒಡೆಯುತ್ತದೆ. ಕಣವಾದರೆ ಮೇಲ್ಪದರ ಸವೆದರೂ ಒಳಗಿನದು ಉಳಿದಿರುತ್ತದೆ.

ಪಿಗ್ಮೆಂಟ್ ಇಂಕಿನ ಕಪ್ಪು ಅಂದರೆ ಇಂಗಾಲ. ಓಲೆಗರಿಯ ಮೇಲೆ ಕಂಟದಿಂದ ಕೊರೆದು ನಮ್ಮ ಹಿರಿಯರು ಉಜ್ಜುತ್ತಿದ್ದ ಮಸಿಯೂ ಇಂಗಾಲವೇ. ಓಲೆಯನ್ನು ಹುಳು ತಿಂದೀತು, ಮಸಿ ಮಾತ್ರ ಬೆಳಕಿಗೆ ಕಂದುವುದಿಲ್ಲ.

ಹಾಗಾಗಿ ಇಂಕು ಗಟ್ಟಿಯಿದ್ದರೆ ಸಾಲದು, ಅದನ್ನು ಹೊರುವ ಕಾಗದವೂ ಬಾಳಬೇಕು. ಅಗ್ಗದ ಮರದ ತಿರುಳಿನ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಆಮ್ಲವಿಲ್ಲದ ಹತ್ತಿಯ ಕಾಗದ ತಲೆಮಾರುಗಳನ್ನು ದಾಟುತ್ತದೆ. 1584ರಲ್ಲಿ ಶುರುವಾದ ಜರ್ಮನಿಯ ಹಾನೆಮ್ಯೂಲೆ ಇಂಥ ಕಾಗದಕ್ಕೆ ಹೆಸರುವಾಸಿ. ಕಣ್ಣು ಕುಕ್ಕುವ ಬಿಳುಪಿಗೆ ಮರುಳಾಗಬೇಡಿ. ಅದರಲ್ಲಿ ಹೆಚ್ಚಾಗಿ ಬ್ರೈಟ್ನರ್ ಬೆರೆತಿರುತ್ತದೆ; ಅದರ ಶಕ್ತಿ ಕುಂದಿದ ಮೇಲೆ ಕಾಗದ ಮಂಕಾಗುತ್ತದೆ. ಕೆನೆಬಣ್ಣದ ಕಾಗದವೇ ನಂಬಿಗಸ್ತ. ಇಂಕು ಒಳಗೆ ಇಂಗಿಹೋಗದಂತೆ ಮೇಲೊಂದು ಲೇಪ ಇರಲೇಬೇಕು. ಹಿಂದೆ ಲೆಕ್ಕ ಬರೆಯುವ ಕಡತದ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿಯುತ್ತಿದ್ದುದೂ ಬಳಪ ಹಿಡಿಯಲಿ ಅಂತಲೇ.

ಇನ್ನು ಯಾವ ಚಿತ್ರಕ್ಕೆ ಯಾವ ಕಾಗದ? ಗುಬ್ಬಿಯನ್ನೇ ತೆಗೆದುಕೊಳ್ಳಿ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಊರು, ವೀರಣ್ಣನವರ ಊರು. ಕಿರೀಟ, ಗದೆ, ಬಣ್ಣ ಹಚ್ಚಿದ ಮುಖಗಳ ಹಳೆಯ ಕಪ್ಪು-ಬಿಳುಪು ಫೋಟೋಗಳಿಗೆ ಹೊಳಪು ಒಗ್ಗುವುದಿಲ್ಲ. 300 ಜಿಎಸ್‌ಎಮ್ ಆಸುಪಾಸಿನ ಮ್ಯಾಟ್ ಹತ್ತಿಕಾಗದ, ಅದಕ್ಕೆ ಮ್ಯಾಟ್ ಬ್ಲ್ಯಾಕ್ ಇಂಕು ಇದ್ದರೆ ಮುಖದ ಗೆರೆಗೆರೆಯೂ ಮೆದುವಾಗಿ ಮೂಡುತ್ತದೆ. ಕುಣಿಗಲ್ ಸ್ಟಡ್ ಫಾರಂನ ಕುದುರೆಯ ಮಾತೇ ಬೇರೆ. ಬೆಳಗಿನ ಬಿಸಿಲಿಗೆ ಮಿರುಗುವ ಆ ಮೈ ಮ್ಯಾಟ್ ಕಾಗದದಲ್ಲಿ ಸಪ್ಪೆಯಾಗುತ್ತದೆ. ಅದಕ್ಕೆ ಬೇರಿಯಂ ಸಲ್ಫೇಟ್ ಲೇಪದ ಬರೈಟಾ ಕಾಗದವೇ ಸರಿ. ಅಲ್ಲಿ ಫೋಟೋ ಬ್ಲ್ಯಾಕ್ ಹಾಕಬೇಕು. ಮ್ಯಾಟ್ ಬ್ಲ್ಯಾಕ್ ಹೊಳಪಿನ ಕಾಗದದ ಮೇಲೆ ಸರಿಯಾಗಿ ಕೂರದೆ ಕೈಗೆ ಮೆತ್ತಿಕೊಳ್ಳುತ್ತದೆ.

ಮದುವೆ ಆಲ್ಬಮ್ಮಿಗೆ ಸಾವಿರಾರು ರೂಪಾಯಿ ಸುರಿಯುವ ನಾವು, ಅಜ್ಜಿಯ ಇರುವ ಒಂದೇ ಫೋಟೋವನ್ನು ಸಿಕ್ಕಿದ ಕಾಗದಕ್ಕೆ ಒಪ್ಪಿಸಿಬಿಡುತ್ತೇವೆ. ಅದು ತಪ್ಪು. ಇನ್ನು ಮುಂದೆ ಸ್ಟುಡಿಯೋಗೆ ಹೋದಾಗ ಎರಡೇ ಮಾತು ಕೇಳಿ: “ಪಿಗ್ಮೆಂಟ್ ಇಂಕಾ ಅಣ್ಣಾ? ಕಾಗದ ಆಸಿಡ್ ಫ್ರೀನಾ?” ಪ್ರಿಂಟನ್ನು ಒಂದು ದಿನ ಆರಲು ಬಿಟ್ಟು, ಗಾಜು ತಾಗದ ಹಾಗೆ ಕಟ್ಟು ಹಾಕಿಸಿ. ಪಿಗ್ಮೆಂಟಾದರೂ ನೇರ ಬಿಸಿಲಿಗೆ ಒಂದಲ್ಲ ಒಂದು ದಿನ ಮಾಸುತ್ತದೆ. ಬಿಸಿಲು ಬೀಳದ ಗೋಡೆಗೇ ಮೊಳೆ ಹೊಡೆಯಿರಿ.