ಶ್ರಾವಣ ಸೋಮವಾರದ ತಲೆನೋವು

ನವಿಲುತೀರ್ಥ

ಅಕ್ಕಾವ್ರೇ,

ಶ್ರಾವಣ ಸೋಮವಾರ ಮಧ್ಯಾಹ್ನವಾಗುತ್ತಲೇ ತಲೆ ಸಿಡಿಯುತ್ತದೆ, ಉಪವಾಸ ನನ್ನ ಮೈಗೆ ಆಗಿಬರುವುದಿಲ್ಲವೇನೋ ಎಂದು ಬರೆದಿದ್ದೀರಿ. ಹಸಿವಿನಿಂದ, ನೀರು ಕಡಿಮೆಯಾದರೆ ತಲೆ ನೋಯುವುದು ನಿಜ. ಆದರೆ ಉಳಿದ ದಿನ ಐದಾರು ಸಲ ಚಾ, ಆ ದಿನ ಒಂದು ಗುಟುಕೂ ಇಲ್ಲ ಎಂದೂ ನೀವೇ ಬರೆದಿದ್ದೀರಿ. ನನ್ನ ಅನುಮಾನ ಅದರ ಮೇಲೆಯೇ.

ನಮ್ಮ ಕಡೆ ಚಾ ಕೊಡದೆ ಯಾರನ್ನೂ ಕಳಿಸುವುದಿಲ್ಲ. ಅಣೆಕಟ್ಟೆ ನೋಡಲು ಬಂದ ಬೀಗರಿಗೂ, ಕಬ್ಬು ಕಡಿಯುವವರಿಗೂ, ಎಲ್ಲಮ್ಮನ ಗುಡ್ಡಕ್ಕೆ ರಾತ್ರಿಯೆಲ್ಲ ನಡೆಯುವವರಿಗೂ ಅದೇ ಬಲ. ಒಂದು ಕಪ್ಪಿನಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಣಿವನ್ನು ಮಿದುಳಿಗೆ ತಿಳಿಸುವ ಅಡೆನೊಸಿನ್‌ಗೆ ಅದು ಅಡ್ಡ ನಿಲ್ಲುತ್ತದೆ, ಮಿದುಳಿನ ರಕ್ತನಾಳಗಳನ್ನು ತುಸು ಕುಗ್ಗಿಸುತ್ತದೆ. ದೇಹ ಇದಕ್ಕೆ ಒಗ್ಗಿಬಿಟ್ಟಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ನಾಳಗಳು ಹಿಗ್ಗುತ್ತವೆ. ಸಾಮಾನ್ಯವಾಗಿ 12ರಿಂದ 24 ತಾಸಿನೊಳಗೆ ತಲೆ ಹಿಡಿಯುತ್ತದೆ. ಭಾನುವಾರ ಸಂಜೆ ಕೊನೆಯ ಚಾ ಕುಡಿದ ಹೊತ್ತಿನಿಂದ ಎಣಿಸಿ ನೋಡಿ, ಸೋಮವಾರ ಮಧ್ಯಾಹ್ನಕ್ಕೇ ಬಂದು ನಿಲ್ಲುತ್ತೀರಿ. ರೋಜಾ ಹಿಡಿದವರಿಗೂ ಮೊದಲ ದಿನಗಳಲ್ಲಿ ಇದೇ ಕಾಟ.

ನನಗೆ ಚಿಂತೆ ಹತ್ತಿಸಿದ್ದು ಮಾತ್ರ ಈ ನೋವಿಗೆಂದು ನೀವು ನುಂಗುವ ಗುಳಿಗೆ. ತಲೆನೋವಿಗೆಂದು ಅಂಗಡಿಯಲ್ಲಿ ಸಿಗುವ ಎಷ್ಟೋ ಗುಳಿಗೆಗಳಲ್ಲಿ ಕೆಫೀನ್ ಇದ್ದೇ ಇರುತ್ತದೆ. ಸಾರಿಡಾನ್‌ನಲ್ಲಿ 50 ಮಿಲಿಗ್ರಾಂ. ನುಂಗಿದ ಕೂಡಲೇ ಹಗುರೆನಿಸುವುದರಲ್ಲಿ ಅದರ ಪಾಲೂ ಇದೆ. ಇಂಥ ಮಿಶ್ರ ಗುಳಿಗೆಗಳನ್ನು ತಿಂಗಳಿಗೆ 10 ದಿನವೋ ಇನ್ನೂ ಹೆಚ್ಚೋ ನುಂಗುತ್ತ ಹೋದರೆ, ಕೆಲವು ತಿಂಗಳಲ್ಲಿ ಅವೇ ತಲೆನೋವು ತರತೊಡಗುತ್ತವೆ. ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ.

ಚಾ ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆಯಿಲ್ಲ. ಬಸುರಿಯರು 200 ದಾಟಬಾರದು. ಆಷಾಢದಲ್ಲೇ ಎರಡು ಮೂರು ದಿನಕ್ಕೊಂದು ಕಪ್ ಇಳಿಸುತ್ತ ಬನ್ನಿ. ಸಂಜೆಯದನ್ನು ಮೊದಲು ಬಿಡಿ, ನಿದ್ದೆಯೂ ಸುಧಾರಿಸುತ್ತದೆ. ಉಪವಾಸದಲ್ಲೂ ನೀರು ಕುಡಿಯುತ್ತಿರಿ.

ಇಷ್ಟಾದರೂ ನೋವು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಕಣ್ಣು ಮಂಜಾದರೆ, ಕೈಕಾಲು ಸೋತರೆ ಆ ಕ್ಷಣವೇ ಹೋಗಿ. ದಿನಕ್ಕೆ ಎಷ್ಟು ಕಪ್ ಚಾ, ತಿಂಗಳಿಗೆ ಎಷ್ಟು ಗುಳಿಗೆ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.

ನಿಮ್ಮ ತಂಗಿ