‘ಇದು ಕಳ್ಳಮಾಲಾ, ಹೇಳಪ್ಪಾ?’

ಕಂಪ್ಯೂಟರ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಸ್ವಲ್ಪ ಮೇಲೆ, ‘ಆ್ಯಕ್ಟಿವೇಟ್ ವಿಂಡೋಸ್’ ಅಂತ ಬೂದು ಬಣ್ಣದ ಎರಡು ಸಾಲು ಮೂಡುತ್ತಲ್ಲ, ಅದನ್ನು ಕಂಡಾಗ ಯಾರು ಹೇಗೆ ನಡ್ಕೋತಾರೆ ಅನ್ನೋದು ನನ್ನಂಥವರಿಗೆ ಚೆನ್ನಾಗಿ ಗೊತ್ತು. ಕೆಲವರು ತಿಂಗಳುಗಟ್ಟಲೆ ಅದನ್ನು ನೋಡೋದೇ ಇಲ್ಲ. ಕೆಲವರು ‘ವಾಲ್‌ಪೇಪರ್ ಬದಲಾಯಿಸೋಕೆ ಆಗ್ತಿಲ್ಲ’ ಅಂತ ಮಾತ್ರ ದೂರು ಹೇಳ್ತಾರೆ. ಇನ್ನು ಕೆಲವರಿಗೆ ರಾತ್ರಿ ನಿದ್ದೆ ಬರೋಲ್ಲ.

ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು. ನಲವತ್ತು ಚಿಲ್ಲರೆ ಲ್ಯಾಪ್‌ಟಾಪ್‌ಗಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಎಲ್ಲರೂ ಅವನ್ನು ಚೀಲಕ್ಕೆ ತುಂಬಿಕೊಂಡು ಊರು ಸೇರಿದರು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಒಂದರ ಹಿಂದೊಂದು ಫೋನ್ ಶುರುವಾಯಿತು. ಎಲ್ಲರ ಪರದೆಯಲ್ಲೂ ಅದೇ ಬೂದು ಸಾಲು.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಮನೆಗೆ ತಂದ ಲ್ಯಾಪ್‌ಟಾಪ್‌ನಲ್ಲಿ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡ್‌ಗೇ ಅಂಟಿಕೊಂಡಿರುತ್ತೆ. ಒಮ್ಮೆ ಆದರೆ ಆಯಿತು. ಕಂಪನಿಗಳು ಒಟ್ಟಿಗೆ ಕೊಳ್ಳುವ ಲೈಸೆನ್ಸ್‌ನಲ್ಲಿ ಕೆಎಂಎಸ್ ಅಂತ ಒಂದು ವ್ಯವಸ್ಥೆ ಇದೆ. ಕಚೇರಿಯಲ್ಲಿ ಒಂದು ಸರ್ವರ್ ಕೂತಿರುತ್ತೆ, ಹಾಸ್ಟೆಲ್ ವಾರ್ಡನ್ ಥರ. ಪ್ರತಿ ಕಂಪ್ಯೂಟರ್ರೂ 7 ದಿನಕ್ಕೊಮ್ಮೆ ಅದರ ಹತ್ತಿರ ಹೋಗಿ ಹಾಜರಿ ಹಾಕಲು ನೋಡುತ್ತೆ. ಹಾಕಿದಾಗಲೆಲ್ಲ ಅಲ್ಲಿಂದ 180 ದಿನದ ಅನುಮತಿ ಸಿಗುತ್ತೆ. 180 ದಿನ ಮುಖವನ್ನೇ ತೋರಿಸದಿದ್ದರೆ ಅನುಮತಿ ಮುಗಿಯಿತು. ಮಾರ್ಚ್ ಮೂರನೇ ವಾರದಿಂದ ಎಣಿಸಿ ನೋಡಿ, ಸರಿಯಾಗಿ ಸೆಪ್ಟೆಂಬರ್ ಮಧ್ಯಕ್ಕೇ ಬರುತ್ತೆ. ನಮ್ಮವರ ಹೆಚ್ಚಿನ ಕೆಲಸ ಬ್ರೌಸರ್‌ನಲ್ಲೇ ಆಗುತ್ತಿತ್ತು, ಹಾಗಾಗಿ ಕಚೇರಿಯ ವಿಪಿಎನ್‌ಗೆ ಯಾರೂ ಸೇರಿರಲೇ ಇಲ್ಲ. ಸೇರಿದ್ದರೆ ಆ ಹಾಜರಿ ತಾನಾಗೇ ಬಿದ್ದಿರುತ್ತಿತ್ತು.

ನಿದ್ದೆಗೆಟ್ಟವರು ನಮ್ಮ ಲೆಕ್ಕಪತ್ರ ವಿಭಾಗದ ಹಿರಿಯ ಮೇಡಂ. ನಂಜನಗೂಡಿನ ಮನೆಯಿಂದ ಫೋನ್ ಮಾಡಿದ್ದರು. ನಿವೃತ್ತಿಗೆ ಆರು ತಿಂಗಳೂ ಇರಲಿಲ್ಲ. “ಇದು ಕಳ್ಳಮಾಲಾ, ಹೇಳಪ್ಪಾ? ಮೂವತ್ತು ವರ್ಷದಲ್ಲಿ ಒಂದು ಪೆನ್ಸಿಲ್ ಮನೆಗೆ ತಂದೋಳಲ್ಲ ನಾನು. ಕೊನೇಲಿ ಲ್ಯಾಪ್‌ಟಾಪ್ ಬದಲಾಯಿಸಿದ್ಲು ಅಂತ ಅಂದ್ರೆ?” ಧ್ವನಿ ನಡುಗುತ್ತಿತ್ತು. ಹಾಗೆ ಯಾರೂ ಅನ್ನೋಲ್ಲ ಅಂತ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ.

ಅಷ್ಟರಲ್ಲಿ ಅವರ ಅಳಿಯ ಒಂದು ಉಪಾಯ ಹೇಳಿದ್ದನಂತೆ. ಇಂಟರ್ನೆಟ್‌ನಲ್ಲಿ ಬಿಟ್ಟಿ ಕ್ರ್ಯಾಕ್ ಸಿಗುತ್ತೆ, ಎರಡು ನಿಮಿಷದ ಕೆಲಸ ಅಂತ. “ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅಂತ ಬರ್ದಿದೆ, ಅದಕ್ಕೇ ಹೆದರಿ ನಿಂಗೆ ಕೇಳ್ದೆ” ಅಂದರು. ಆ ಮಾತು ಕೇಳಿ ನನಗೆ ನಿಜಕ್ಕೂ ಕೈ ತಣ್ಣಗಾಯಿತು. ಇಡೀ ಕಂಪನಿಯವರ ಸಂಬಳದ ಪಟ್ಟಿ, ಬ್ಯಾಂಕ್ ಖಾತೆ, ಪ್ಯಾನ್ ನಂಬರ್ ಎಲ್ಲ ಇದ್ದದ್ದು ಆ ಲ್ಯಾಪ್‌ಟಾಪ್‌ನಲ್ಲೇ. ಬೀಗ ರಿಪೇರಿಗೆ ಬಂದವನು ‘ಮೊದಲು ನಾಯಿನ ಆಚೆ ಕಟ್ಟಿ’ ಅಂದರೆ ನಾವು ಬಾಗಿಲು ತೆಗೀತೀವಾ?

ಫೋನ್‌ನಲ್ಲೇ ಕೂತೆವು. ಮೊದಲು ವಿಪಿಎನ್‌ಗೆ ಸೇರಿಸಿದೆ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆಸಿ, ‘ಎಸ್‌ಎಲ್‌ಎಂಜಿಆರ್’ ಬರೆಸಿ, ಒಂದು ಜಾಗ ಬಿಟ್ಟು ಓರೆಗೆರೆ, ‘ಎಟಿಓ’. ಓರೆಗೆರೆ ಎಲ್ಲಿದೆ ಅಂತ ಹುಡುಕೋಕೆ ಐದು ನಿಮಿಷ. ಬಂದದ್ದು ಎಫ್074 ಅಂತ ಮುಗಿಯುವ ತಪ್ಪು ಸಂದೇಶ. ಸರ್ವರ್ ಸಿಗದಿದ್ದರೂ ಇದೇ ಬರುತ್ತೆ. ಎರಡರ ಗಡಿಯಾರದ ನಡುವೆ 4 ಗಂಟೆಗಿಂತ ಹೆಚ್ಚು ವ್ಯತ್ಯಾಸ ಇದ್ದರೂ ಇದೇ.

“ಮೇಡಂ, ಟೈಮ್ ಎಷ್ಟು ತೋರಿಸ್ತಿದೆ?”

“ಹನ್ನೊಂದೂವರೆ. ಗೋಡೆ ಗಡಿಯಾರಾನೂ ಅಷ್ಟೇ.”

ಸರಿಯಾಗೇ ಇದೆ! ಸುಮ್ಮನೆ ಟೈಮ್ ಝೋನ್ ಓದಿಸಿದೆ. ಪೆಸಿಫಿಕ್ ಟೈಮ್ ಅಂದರು. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಅಲ್ಲಿ ಹಗಲೋ ರಾತ್ರಿಯೋ ತಿಳಿಯಲಿ ಅಂತ ಮೊಮ್ಮಗ ಹಾಗೆ ಇಟ್ಟುಕೊಟ್ಟಿದ್ದ. ಆಫೀಸ್ ಕೆಲಸಕ್ಕೆ ಗೊಂದಲವಾಗುತ್ತೆ ಅಂತ ಇವರು ಮುಳ್ಳನ್ನು ಮಾತ್ರ ನಮ್ಮ ಟೈಮಿಗೆ ತಿರುಗಿಸಿಕೊಂಡಿದ್ದರು. ಕಣ್ಣಿಗೆ ಸರಿ ಕಂಡರೂ ಲ್ಯಾಪ್‌ಟಾಪ್‌ನ ಒಳಲೆಕ್ಕದಲ್ಲಿ ಹನ್ನೆರಡೂವರೆ ಗಂಟೆ ಮುಂದೆ ಹೋಗಿತ್ತು. ಝೋನ್ ಸರಿಮಾಡಿ, ಟೈಮ್ ಮತ್ತೆ ಹೊಂದಿಸಿದೆವು.

ಈಗ ಬೇರೆ ಕೋಡ್, ಎಫ್038. ಇದು ನಾನು ಅಲ್ಲಿಯವರೆಗೆ ಪುಸ್ತಕದಲ್ಲಷ್ಟೇ ಓದಿದ್ದದ್ದು. ಕೆಎಂಎಸ್ ಸರ್ವರ್‌ಗೆ ಒಂದು ಹಟ ಇದೆ. ಕನಿಷ್ಠ 25 ಕಂಪ್ಯೂಟರ್‌ಗಳಾದರೂ ತನ್ನನ್ನು ಕೇಳದಿದ್ದರೆ ವಿಂಡೋಸ್ 10ರಂಥ ಯಾವುದಕ್ಕೂ ಅದು ಅನುಮತಿ ಕೊಡೋಲ್ಲ. 30 ದಿನ ಕಾಣದವರ ಹೆಸರನ್ನು ಪಟ್ಟಿಯಿಂದ ತೆಗೆದೂಬಿಡುತ್ತೆ. ನೋಡಿದರೆ ನಮ್ಮ ಎಣಿಕೆ 19ಕ್ಕೆ ಇಳಿದಿತ್ತು. ಒಂದು ಪುಣ್ಯ ಅಂದರೆ, ಕೇಳಿ ಇಲ್ಲ ಅನ್ನಿಸಿಕೊಂಡ ಕಂಪ್ಯೂಟರ್ರೂ ಎಣಿಕೆಗೆ ಸೇರುತ್ತೆ.

ಸಂಜೆಯವರೆಗೆ ಫೋನ್ ಮಾಡಿದೆ. ಹಾಸನದವನೊಬ್ಬ ನೆಟ್‌ವರ್ಕ್‌ಗಾಗಿ ಲ್ಯಾಪ್‌ಟಾಪ್ ಹಿಡಿದು ತಾರಸಿ ಹತ್ತಿದ. ಸಾಗರದ ಹುಡುಗಿ ಅಡಿಕೆ ತೋಟದಿಂದ ಬಂದು ಕೈ ತೊಳೆದು ಕೂತಳು. ಮೇಡಂ ವಿಷಯ ಅಂದ ಮೇಲೆ ಒಬ್ಬರೂ ‘ನಾಳೆ ನೋಡೋಣ’ ಅನ್ನಲಿಲ್ಲ. ಬೇರೆ ದಿನ ನಾನು ಕರೆದರೆ ಇವರೇ ಫೋನ್ ಎತ್ತೋಲ್ಲ, ಅದು ಬಿಡಿ. ಆರೂಕಾಲಿಗೆ ಎಣಿಕೆ 25 ದಾಟಿತು. ಮೇಡಂಗೆ ಇನ್ನೊಮ್ಮೆ ಅದೇ ಕಮಾಂಡ್ ಹಾಕಿಸಿದೆ. ‘ಯಶಸ್ವಿ’ ಅಂತ ಇಂಗ್ಲಿಷ್‌ನಲ್ಲಿ ಬಂದದ್ದನ್ನು ಅವರು ಒಂದೊಂದೇ ಅಕ್ಷರ ಓದಿ ಹೇಳಿದರು.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅದೆಲ್ಲ ಸರಿ ಕಣಪ್ಪಾ, ಈಗ ಮಗಳಿಗೆ ಎಷ್ಟು ಗಂಟೆ ಅಂತ ಹೆಂಗೆ ನೋಡೋದು?” ಅಂದರು. ವಿಂಡೋಸ್‌ನಲ್ಲೇ ಎರಡನೇ ಗಡಿಯಾರ ಸೇರಿಸೋ ಸೌಲಭ್ಯ ಇದೆ, ಅದನ್ನು ಹಾಕಿಸಿಕೊಟ್ಟೆ. ಅಲ್ಲಿ ಇನ್ನೂ ಬೆಳಗಿನ ಜಾವ ಆರು ಗಂಟೆ. ಎದ್ದಿರೋಲ್ಲ ಅಂತ ಫೋನ್ ಇಟ್ಟರು.