ಕುಲಾವಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳೆಂದರೆ ಮನೆಯ ಹಿರಿಯಳ ಕೈಗೆ ಬಿಡುವೆಂಬುದೇ ಇರುತ್ತಿರಲಿಲ್ಲ. ಅವಳು ಹಳೆಯ ಬಟ್ಟೆಯ ಗಂಟನ್ನು ಬಿಚ್ಚಿ, ಒಗೆದೊಗೆದು ಮೆತ್ತಗಾದ ಸೀರೆಯ ತುಂಡನ್ನೂ ಗುಳೇದಗುಡ್ಡದ ಖಣದ ಚೂರುಗಳನ್ನೂ ಆರಿಸಿ ತೆಗೆಯುತ್ತಿದ್ದಳು. ಹುಟ್ಟಲಿರುವ ಕೂಸಿಗೆ ಕುಲಾವಿ, ಕುಂಚಿಗೆಗಳು ಸಿದ್ಧವಾಗಬೇಕಲ್ಲವೇ?

ಕುಲಾವಿಯೆಂದರೆ ಕೂಸಿನ ತಲೆಗೆ ಒಪ್ಪುವ ಪುಟ್ಟ ಟೊಪ್ಪಿಗೆ. ಅದು ಕಿವಿಗಳನ್ನು ಮುಚ್ಚುತ್ತದೆ; ಅದರ ಕಸೆಗಳನ್ನು ಗದ್ದದ ಕೆಳಗೆ ಕಟ್ಟುತ್ತಾರೆ. ಟೊಪ್ಪಿಗೆಯೇ ಬೆನ್ನ ಮೇಲೆ ಇಳಿದು ಹೊದಿಕೆಯೂ ಆದರೆ ಅದು ಕುಂಚಿಗೆ. ನೋಡಲು ಸಣ್ಣದಾದರೂ ಈ ಹೊಲಿಗೆ ಸುಲಭದ್ದಲ್ಲ. ಅಳತೆ ದೊಡ್ಡದಾದರೆ ಕುಲಾವಿ ಕಣ್ಣ ಮೇಲೆ ಜಾರೀತು. ಕಸೆ ಬಿಗಿಯಾದರೆ ಕೊರಳನ್ನು ಒತ್ತೀತು. ಒಳಮೈ ನುಣುಪಾಗಿರದಿದ್ದರೆ ಎಳೆಯ ಚರ್ಮ ಕೆಂಪಗಾದೀತು.

ಖಣದ ಮೇಲೆ ಕಸೂತಿಯೂ ಅರಳುತ್ತಿತ್ತು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಕಸೂತಿಯಲ್ಲಿ 4 ಬಗೆಯ ಹೊಲಿಗೆಗಳುಂಟು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ಮುಂದುವರಿಯಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿಯು ಹೋದ ದಾರಿಯಲ್ಲಿಯೇ ಹಿಂದಿರುಗಿ, ಬಿಟ್ಟ ಎಡೆಗಳನ್ನು ತುಂಬುತ್ತದೆ. ಹೀಗಾಗಿ ಬಟ್ಟೆಯ ಎರಡೂ ಮೈಗಳು ಒಂದೇ ತೆರನಾಗಿ ಕಾಣುತ್ತವೆ. ಒಂದು ಎಳೆ ತಪ್ಪಿದರೂ ಗಿಳಿಯ ಕೊಕ್ಕು ಸೊಟ್ಟಗಾಗುತ್ತದೆ. ಬಿಚ್ಚಿ ಮತ್ತೆ ತೊಡಗದೆ ಗತಿಯಿಲ್ಲ. ಶಾಲೆಯ ಮುಖವನ್ನೇ ಕಾಣದ ಎಷ್ಟೋ ತಾಯಂದಿರು ಗೋಪುರ, ರಥ, ತುಳಸಿಕಟ್ಟೆಗಳ ಲೆಕ್ಕವನ್ನೆಲ್ಲ ಮನಸ್ಸಿನಲ್ಲಿಯೇ ಇರಿಸಿಕೊಂಡಿದ್ದರು.

"ನೆತ್ತಿ ಮುಚ್ಚವ್ವಾ, ಗಾಳಿ ಬಡದೀತು" ಎಂದು ಬಾಣಂತಿಯನ್ನು ಎಚ್ಚರಿಸುವ ಅಜ್ಜಿಯ ಮಾತಿನಲ್ಲಿ ಅನುಭವದ ತಿರುಳಿದೆ. ಬೆಳೆದವರಲ್ಲಿ ತಲೆಯು ದೇಹದ ಉದ್ದದ ಸುಮಾರು ಎಂಟನೆಯ ಒಂದು ಪಾಲು. ಆಗತಾನೆ ಹುಟ್ಟಿದ ಕೂಸಿನಲ್ಲಾದರೋ ಕಾಲುಪಾಲು. ಮೈಯ ಕಾವು ಆ ದೊಡ್ಡ ತಲೆಯಿಂದ ಬೇಗನೆ ಹೊರಹೋಗುತ್ತದೆ. ದೊಡ್ಡವರಂತೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಕೂಸಿಗಿಲ್ಲ. ತೂಕ ಕಡಮೆಯಿರುವ ಕೂಸಿಗೆ ಚಳಿಯು ಪ್ರಾಣಕ್ಕೇ ಕುತ್ತಾಗಬಲ್ಲದು. ಸೆಕೆಯಲ್ಲಿ ಕುಲಾವಿಯನ್ನು ಕಳಚಬೇಕೆಂಬುದೂ ಅಷ್ಟೇ ನಿಜ.

1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಕಾವುಪೆಟ್ಟಿಗೆಗಳು ಸಾಲದಾದಾಗ, ಎಡ್ಗರ್ ರೇ ಎಂಬ ವೈದ್ಯರು ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ತಾಯಿಯ ಎದೆಗೇ ಅಪ್ಪಿಸಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಇಂದು ಅದು ಲೋಕದ ಅನೇಕ ಆಸ್ಪತ್ರೆಗಳಲ್ಲಿ ರೂಢಿಗೆ ಬಂದಿದೆ. ಹಾಗೆ ಅಪ್ಪಿಸಿದ ಕೂಸಿನ ತಲೆಗೊಂದು ಟೊಪ್ಪಿಗೆ, ಪಾದಗಳಿಗೆ ಕಾಲುಚೀಲ ಇರಲೇಬೇಕು. ದೊಡ್ಡ ಆಸ್ಪತ್ರೆಗೂ ಅಂಗೈಯಗಲದ ಬಟ್ಟೆಯ ನೆರವು ಬೇಕಾಯಿತು!

ಈಗ ಉಣ್ಣೆಯ ಟೊಪ್ಪಿಗೆ, ಕಾಲುಚೀಲಗಳು ಪೇಟೆಯಲ್ಲಿ ಸಿದ್ಧವಾಗಿಯೇ ದೊರೆಯುತ್ತವೆ. ಅವೂ ಕೂಸನ್ನು ಬೆಚ್ಚಗಿಡುತ್ತವೆ. ಆದರೂ ಕೈಯಿಂದ ಹೊಲಿದ ಕುಲಾವಿಯನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ಕೆಲವೇ ತಿಂಗಳಲ್ಲಿ ಅದು ಕೂಸಿಗೆ ಸಣ್ಣದಾಗುತ್ತದೆ. ತೊಟ್ಟ ನೆನಪೂ ಕೂಸಿಗೆ ಉಳಿಯದು. ಹೊಲಿದವಳಿಗೆ ಇದು ತಿಳಿಯದೆ ಇರಲಿಲ್ಲ. ತಿಳಿದೂ ಅವಳು ಒಂದೆಳೆಯ ತಪ್ಪಿಗಾಗಿ ಇಡೀ ಸಾಲನ್ನು ಬಿಚ್ಚಿ, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಮೊದಲಿನಿಂದ ಎಣಿಸತೊಡಗುತ್ತಿದ್ದಳು.